ವಾಕ್ಯ ಮುಗಿಯುವ ತನಕ

ನಮ್ಮ ಎದುರುಮನೆಯಾಕೆಯ ಮುಂದೆ ಅರ್ಧ ಮಾತಾಡಿ ಜಾರಿಕೊಂಡವರನ್ನು ನಾನು ನೋಡಿಲ್ಲ. “ನಾನೇನು ಆ ಥರದ ಮನುಷ್ಯ ಅಲ್ಲ, ಆದ್ರೆ ಈ ಜನ ಇದಾರಲ್ಲ…” ಎಂದು ಯಾರಾದರೂ ಶುರು ಮಾಡಿ, ಹುಬ್ಬು ಹಾರಿಸಿ, ಮಿಕ್ಕಿದ್ದನ್ನು ನಮ್ಮ ಊಹೆಗೆ ಬಿಟ್ಟರೆ ನಾವೆಲ್ಲ ಏನು ಮಾಡುತ್ತೇವೆ? ಕೆಲವರು ಸುಮ್ಮನೆ ಹೂಂಗುಟ್ಟುತ್ತೇವೆ, ಕೆಲವರು ಮೈ ಉರಿದುಕೊಂಡು ಜಗಳಕ್ಕೆ ನಿಲ್ಲುತ್ತೇವೆ. ಅವರು ಎರಡನ್ನೂ ಮಾಡುತ್ತಿರಲಿಲ್ಲ. ಕುರ್ಚಿಯನ್ನು ಚೂರು ಮುಂದಕ್ಕೆಳೆದು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, “ಪೂರ್ತಿ ಮಾಡಿ, ಕೇಳ್ತಿದೀನಿ” ಎನ್ನುತ್ತಿದ್ದರು. ಆಮೇಲೆ ಕಾಯುತ್ತಿದ್ದರು. ಅವರಾಡಿದ್ದೆಲ್ಲ ಇಂಗ್ಲಿಷಿನಲ್ಲೇ, ಅದೂ ಅಮೆರಿಕದ ದಕ್ಷಿಣದವರ ಎಳೆದೆಳೆದು ಆಡುವ ಇಂಗ್ಲಿಷಿನಲ್ಲಿ. ನನ್ನ ತಲೆಯಲ್ಲಿ ಮಾತ್ರ ಅದು ಕನ್ನಡವಾಗಿ ಕೂತುಬಿಟ್ಟಿದೆ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಲಂಡನ್ನಿನ ದಕ್ಷಿಣಕ್ಕಿರುವ ಕ್ರೋಯ್ಡನ್ನಿನ ನಮ್ಮ ಕಟ್ಟಡದಲ್ಲಿ ನಮ್ಮ ಫ್ಲ್ಯಾಟಿನ ಎದುರು ಬಾಗಿಲು ಅವರದು. ಈಗ ಅಲ್ಲಿ ಬೇರೆ ಯಾರೋ ಬಂದಿದ್ದಾರೆ, ಬಾಗಿಲ ಮುಂದೆ ಸೈಕಲ್ ನಿಲ್ಲಿಸುತ್ತಾರೆ. ತೀರಿಕೊಂಡವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅವರ ತಮ್ಮನ ಹೆಸರೂ ಹಿಂದೆಯೇ ಬರುತ್ತದೆ, ಆ ಹೆಸರಿಗೆ ಇಂಟರ್‌ನೆಟ್ಟಿನಲ್ಲಿ ಈಗಾಗಲೇ ಬೇಕಾದಷ್ಟು ಪ್ರಚಾರ ಸಿಕ್ಕಿದೆ. ನಮ್ಮತ್ತೆ ಅವರನ್ನು “ಎದುರ್ಮನೆ ಅಮೆರಿಕ” ಎನ್ನುತ್ತಿದ್ದರು. ಇಡೀ ದೇಶವನ್ನೇ ಎದುರು ಫ್ಲ್ಯಾಟಿಗೆ ತುಂಬಿದ ಹಾಗೆ.

ಅವರು ಸ್ಪೀಚ್ ಥೆರಪಿಸ್ಟ್ ಆಗಿದ್ದವರು. ಮಾತು ತೊದಲುವವರಿಗೆ, ಪಾರ್ಶ್ವವಾಯು ಬಡಿದು ಮಾತು ಕಳಕೊಂಡವರಿಗೆ ಮಾತು ಕೂಡಿಸಿಕೊಡುವ ಕೆಲಸ. ಪ್ರಾಯದಲ್ಲಿ ಲಂಡನ್ನಿಗೆ ಬಂದವರು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ದುಡಿದು ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಆ ಕೆಲಸದ ಮೊದಲ ನಿಯಮವನ್ನು ನನಗೆ ಹೇಳಿಕೊಟ್ಟದ್ದು ಲಿಫ್ಟಿನಲ್ಲಿ. ನಾನು ಮೈಸೂರಿನವಳು, ಬಾಯಿ ಸುಮ್ಮನಿರದವಳು. ಯಾರಾದರೂ “ನಿನ್ನೆ ಮಾರ್ಕೆಟ್ಟಿಗೆ ಹೋಗಿ…” ಎಂದರೆ “ಬದನೆಕಾಯಿ ತಂದ್ರಾ?” ಎಂದು ನಾನೇ ಮುಗಿಸಿಬಿಡುವ ಜಾತಿ. ನಾವು ಹೊಸದಾಗಿ ಬಂದಿದ್ದ ದಿನಗಳಲ್ಲಿ ಒಂದು ಸಲ ಲಿಫ್ಟ್ ಮಧ್ಯದಲ್ಲೇ ನಿಂತಿತು. ಅವರು “ನನಗೇನನ್ನಿಸುತ್ತೆ ಅಂದ್ರೆ…” ಎಂದರು. ನಾನು “ಕೆಟ್ಟುಹೋಗಿದೆ, ಫೋನ್ ಮಾಡ್ಬೇಕು ಅಂತ ತಾನೆ?” ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನನ್ನ ಮಾತು ನೀವು ಕದ್ರಿ. ವಾಪಸ್ ಕೊಡಿ” ಎಂದರು.

ಲಿಫ್ಟ್ ರಿಪೇರಿಯವನು ಬರುವ ತನಕ ಅಲ್ಲೇ ನನಗೆ ಪಾಠ ನಡೆಯಿತು. ತೊದಲುವವನ ಮಾತನ್ನು ನಾವು ಮುಗಿಸಬಾರದು. ಅದು ಸಹಾಯವಲ್ಲ, ಕಸಿದುಕೊಳ್ಳುವುದು. ಗಡಿಯಾರ ನೋಡಬಾರದು. ಕಣ್ಣು ತಪ್ಪಿಸಬಾರದು. “ಅವನು ಸುಮ್ನಿದ್ರೂ ಮಾತಾಡ್ತಿರ್ತಾನೆ, ಅದು ನೆನಪಿರಲಿ” ಎಂದರು. ನಾನು ತಲೆಯಾಡಿಸಿದೆ, ಮತ್ತು ಅವರ ಮುಂದಿನ ವಾಕ್ಯವನ್ನೂ ನಾನೇ ಮುಗಿಸಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಈ ನಿಯಮವನ್ನು ಅವರು ಆಸ್ಪತ್ರೆಯ ಹೊರಗೂ ನಡೆಸುತ್ತಿದ್ದರು, ಆದರೆ ಬೇರೆ ಥರದ ರೋಗಿಗಳ ಮೇಲೆ. ಬೇರೆ ದೇಶಗಳಿಂದ ಆಶ್ರಯ ಕೇಳಿ ಬಂದವರನ್ನು ಸರ್ಕಾರ ಹತ್ತಿರದ ಹೋಟೆಲೊಂದರಲ್ಲಿ ಇಳಿಸಿದ ವರ್ಷ, ಆ ಹೋಟೆಲಿನ ಮುಂದೆ ಗುಂಪು ಕಟ್ಟಿ ಕೂಗಿದವರು ನಮ್ಮ ರಸ್ತೆಯ ದೀಪದ ಕಂಬಗಳಿಗೆಲ್ಲ ಇಂಗ್ಲೆಂಡಿನ ಬಾವುಟ ಕಟ್ಟಿದ್ದರು. ಬಾವುಟ ಕಂಡರೆ ಹೆದರಬೇಕಾದ ಕಾಲ ಬಂತಲ್ಲ ಎಂದು ನನಗೆ ಸಂಕಟವಾಗಿತ್ತು. ಕಟ್ಟಡದ ನಿವಾಸಿಗಳ ಸಭೆಯಲ್ಲಿ ಎರಡನೇ ಮಹಡಿಯ ಪ್ಲಂಬರ್ ಎದ್ದು ನಿಂತ. ಒಳ್ಳೆಯ ಕೆಲಸಗಾರ, ನಮ್ಮ ಮನೆಯ ನಲ್ಲಿಯನ್ನೂ ಕಾಸು ತೆಗೆದುಕೊಳ್ಳದೆ ಸರಿಮಾಡಿಕೊಟ್ಟಿದ್ದವನು. “ನಮ್ಮ ಹೆಣ್ಣುಮಕ್ಕಳು ಓಡಾಡೋ ರಸ್ತೆ ಇದು. ಆ ಹೋಟೆಲಿನ ಗಂಡಸರು ಎಂಥೋರು ಅಂತ ನಿಮಗೆಲ್ಲ ಗೊತ್ತೇ ಇದೆ” ಎಂದ. ಒಂದಿಬ್ಬರು ತಲೆಯಾಡಿಸಿದರು.

ಅವರ ಕುರ್ಚಿ ಕಿರ್ರೆಂದು ಮುಂದೆ ಬಂತು. “ನಂಗೆ ಗೊತ್ತಿಲ್ಲ. ಎಂಥೋರು? ಪೂರ್ತಿ ಮಾಡಿ.”

ಆತ ಬಾಯಿ ತೆರೆದ, ಮುಚ್ಚಿದ. “ಅಂದ್ರೆ… ಎಲ್ರೂ ಹೇಳ್ತಾರಲ್ಲ…” ಎಂದ. ಅವರು ನಸುನಗುತ್ತ ಕಾದರು. ಕಡೆಗೆ ಆತ ತಲೆ ಕೆರೆದುಕೊಂಡು, “ನಿಜ ಹೇಳ್ಬೇಕಂದ್ರೆ ಅವರಲ್ಲಿ ಒಬ್ಬನನ್ನೂ ನಾನು ಮಾತಾಡಿಸಿಲ್ಲ” ಎಂದು ಕೂತ. ಅವನು ಅಂದಿನಿಂದ ಬದಲಾಗಿಬಿಟ್ಟ ಎಂದರೆ ಸುಳ್ಳಾದೀತು. ಮುಂದಿನ ಸಭೆಯಲ್ಲೂ ಗೊಣಗಿದ. ಆದರೆ ಗೊಣಗುವ ಮುಂಚೆ ಅವರ ಕುರ್ಚಿ ಎಲ್ಲಿದೆ ಎಂದು ಒಮ್ಮೆ ನೋಡಿಕೊಂಡ.

“ಬೈದ್ರೆ ಅವರಿಗೆ ಹಬ್ಬ” ಎಂದು ಅವರು ಮನೆಗೆ ಬರುವಾಗ ಹೇಳಿದರು. “ದ್ವೇಷ ಯಾವಾಗ್ಲೂ ಅರ್ಧ ವಾಕ್ಯದಲ್ಲಿ ಓಡಾಡತ್ತೆ. ಉಳಿದರ್ಧ ಕೇಳೋರ ತಲೇಲಿ ಪೂರ್ತಿ ಆಗತ್ತೆ. ಆಗ ಪಾಪ ಇಬ್ಬರಿಗೂ ಹಂಚಿಹೋಗತ್ತೆ. ಪೂರ್ತಿ ಹೇಳಿಸಿದ್ರೆ ಹೇಳಿದವನೊಬ್ಬನೇ ಅದನ್ನ ಹೊರಬೇಕು.”

ಇದನ್ನು ಅವರು ಯಾವ ಪಾಠಶಾಲೆಯಲ್ಲೂ ಕಲಿತದ್ದಲ್ಲ. ಅವರ ಮನೆಯ ಊಟದ ಮೇಜೇ ಪಾಠಶಾಲೆ. ಅವರ ತಾತ, ಅಪ್ಪ ಇಬ್ಬರೂ, ಬಿಳಿಯರೇ ಮೇಲೆಂದು ನಂಬಿದವರು, ನಂಬಿಕೆಯನ್ನು ಮನೆಯೊಳಗಿಟ್ಟುಕೊಳ್ಳದೆ ಸಂಘ ಕಟ್ಟಿ ಬೀದಿಗೆ ತಂದವರು. ಇವರು ಆ ಮನೆ ಬಿಟ್ಟು ಬಂದರು. ತಮ್ಮ ಉಳಿದ. ಆ ಮನೆಯವರಲ್ಲಿ ಕೊನೆಗೆ ಬದುಕಿ ಉಳಿದದ್ದು ಅಕ್ಕ ತಮ್ಮ ಇಬ್ಬರೇ.

ಆ ತಮ್ಮ ಚಿಕ್ಕವನಿದ್ದಾಗ ವಿಪರೀತ ತೊದಲುತ್ತಿದ್ದನಂತೆ. ಊಟದ ಹೊತ್ತಿಗೆ ಅವನು ಉಪ್ಪು ಕೇಳಲು ಒದ್ದಾಡಿದರೆ ಅಪ್ಪ ಅಣಕಿಸುತ್ತಿದ್ದ. ನಮ್ಮ ರಕ್ತದಲ್ಲಿ ಇಂಥ ಕೈಲಾಗದವನು ಹೇಗೆ ಹುಟ್ಟಿದ ಎನ್ನುತ್ತಿದ್ದ. ಅಕ್ಕ ಅವನನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಒಂದೊಂದು ಮಾತೂ ತಾನಾಗಿ ಬರುವ ತನಕ ಕಾಯುತ್ತಿದ್ದಳು. ಅವನಿಗೆ ಮಾತು ಬಂತು. ಎಂಥ ಮಾತು! ದೊಡ್ಡವನಾಗಿ ಕೋಟು, ಟೈ ಹಾಕಿಕೊಂಡು, ಎಲ್ಲೂ ಕೆಟ್ಟ ಪದ ಬಳಸದೆ, “ಪರಂಪರೆ”, “ನಮ್ಮ ಮಕ್ಕಳ ನಾಳೆ” ಎಂದು ನುಣ್ಣಗೆ ಮಾತಾಡಿ ಸಾವಿರಾರು ಹುಡುಗರ ತಲೆ ಕೆಡಿಸುವ ಭಾಷಣಕಾರನಾದ. ವಾಕ್ಯವನ್ನು ಸರಿಯಾದ ಜಾಗದಲ್ಲಿ ತುಂಡರಿಸುವುದು ಅವನ ಕಸುಬು. ಅವನ ವಿಡಿಯೊ ತೋರಿಸುತ್ತ ಒಮ್ಮೆ ಅವರು, “ಈ ದನಿ ನಾನು ಕೂಡಿಸಿಕೊಟ್ಟಿದ್ದು” ಎಂದರು. ಆವತ್ತು ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಇನ್ನು ನಮ್ಮತ್ತೆ. ಕುಂದಾಪುರದ ಕಡೆಯವರು, ವರ್ಷದಲ್ಲಿ ಕೆಲವು ತಿಂಗಳು ನಮ್ಮಲ್ಲಿಗೆ ಬಂದಿರುತ್ತಾರೆ. ಕೂತಲ್ಲಿ ಸುಮ್ಮನೆ ಕೂರುವವರಲ್ಲ, ಚೀಲದಲ್ಲಿ ಸದಾ ಹತ್ತಿ ಇರುತ್ತದೆ, ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಲೇ ಲೋಕದ ವಿಚಾರಣೆ ನಡೆಸುತ್ತಾರೆ. ಎದುರುಮನೆಯವರಿಗೂ ಅತ್ತೆಗೂ ಬಲು ಬೇಗ ಗೆಳೆತನ ಕುದುರಿದ್ದು ಬೆಂಡೆಕಾಯಿಯಿಂದ. ಅವರ ಅಮೆರಿಕದ ಊರಿನಲ್ಲಿ ಬೆಂಡೆಕಾಯಿಯನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ಒಂದು ತಟ್ಟೆ ತಂದುಕೊಟ್ಟರು. ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು, “ಅಡ್ಡಿಲ್ಲ ಮಾರಾಯ್ತಿ, ಈ ಹೆಂಗ್ಸಿಗೆ ಒಗ್ಗರಣೆ ಒಂದ್ ಗೊತ್ತಿಲ್ಲ, ಉಳ್ದದ್ದೆಲ್ಲ ಗೊತ್ತಿತ್ತ್” ಎಂದು ಸರ್ಟಿಫಿಕೇಟ್ ಕೊಟ್ಟರು. ನಮ್ಮ ಉಪ್ಪಿಟ್ಟು ತಿಂದು ಅವರು, ಇದು ನಮ್ಮಮ್ಮ ಮಾಡುತ್ತಿದ್ದ ಗಂಜಿಯ ತಂಗಿ ಎಂದರು. ವಾರಕ್ಕೆರಡು ಸಲ ಚಹಾಕ್ಕೆ ಬರುವುದು ರೂಢಿಯಾಯಿತು.

ರೂಢಿಯಾದದ್ದು ಇನ್ನೊಂದೂ ಇತ್ತು. ನಮಗೆಲ್ಲ ಸ್ಟೀಲ್ ಲೋಟ. ಅವರಿಗೆ ನೀಲಿ ಅಂಚಿನ ಪಿಂಗಾಣಿ ಕಪ್ಪು. ಮಾಂಸ ತಿನ್ನುವ ಹೊರಗಿನವರೆಂದು ಅತ್ತೆ ಅದನ್ನು ಬೇರೆಯೇ ತೊಳೆದು, ಉಳಿದ ಪಾತ್ರೆಗಳ ಜತೆ ಸೇರಿಸದೆ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದರು. ಅಂಥ ಕಪ್ಪು ನಮ್ಮ ಎಷ್ಟೋ ಮನೆಗಳಲ್ಲಿದೆ. ವೀಸಾ ಕೊಡುವಾಗ ಅದನ್ನು ಯಾರೂ ತಪಾಸಣೆ ಮಾಡುವುದಿಲ್ಲ.

ಒಂದು ಮಧ್ಯಾಹ್ನ ಅವರು ಕಿಟಕಿಯ ಕಡೆ ನೋಡಿ, “ಆ ಕಪ್ಪು ಯಾವಾಗ್ಲೂ ಅಲ್ಲೇ ಯಾಕಿರತ್ತೆ?” ಎಂದು ಕೇಳಿದರು. “ಅದು ನಿಮ್ಮ ಸ್ಪೆಷಲ್ ಕಪ್ಪು” ಎಂದು ನಾನು ತೇಪೆ ಹಚ್ಚಲು ಹೋದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಅತ್ತೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು: “ನಮ್ಮನೇಲೂ ಒಂದಿತ್ತು. ಗಾಜಿನ ಜಾಡಿ. ನನ್ನನ್ನೂ ತಮ್ಮನನ್ನೂ ಎತ್ತಿ ಆಡಿಸಿದ ಕಪ್ಪು ಜನಾಂಗದ ಕೆಲಸದಾಕೆಗೆ ಅದರಲ್ಲೇ ನೀರು. ಹಿತ್ತಲ ಕಡೆ ಬೇರೆ ಇಡ್ತಿದ್ರು. ನಾವಿಬ್ಬರೂ ಅವಳ ಕೈಯಿಂದ ಉಣ್ಣಬಹುದಾಗಿತ್ತು, ಅವಳು ನಮ್ಮ ಲೋಟದಲ್ಲಿ ಕುಡಿಯೋ ಹಾಗಿರ್ಲಿಲ್ಲ.” ನಾನು ಒಂದಕ್ಷರ ಬಿಡದೆ ಅತ್ತೆಗೆ ಕನ್ನಡದಲ್ಲಿ ಹೇಳಿದೆ.

ಅತ್ತೆಯ ಕೈಯಲ್ಲಿ ಬತ್ತಿ ನಿಂತಿತು. “ಅದ್ ಹಾಂಗಲ್ಲ… ನಮ್ಮಲ್ಲಿ ಅದ್ ಎಂತಂದ್ರೆ…” ಎಂದರು. ಎದುರಿನ ಕುರ್ಚಿ ಚೂರು ಮುಂದೆ ಬಂತು. ಅತ್ತೆ ಎದ್ದು ಒಳಗೆ ಹೋದರು. ಆಮೇಲೆ ಕೆಲವು ವಾರ ಅವರು ಬಂದಾಗಲೆಲ್ಲ ಅದೇ ಕಪ್ಪು, ಅದೇ ಕಿಟಕಿ. ಅವರು ಕುಡಿದು, ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಮಾತೆತ್ತಲಿಲ್ಲ. ಅತ್ತೆ ಮಾತ್ರ ಅವರ ನೋಟ ತಾಳಲಾರದೆ ನನ್ನ ಮೇಲೆ ರೇಗುತ್ತಿದ್ದರು: “ಎಂತಕ್ ಹಾಂಗ್ ಕಾಂತ್ರ್ ಅವ್ರ್? ಬೈದ್ರಾದ್ರೂ ಸೈ!”

ಒಂದು ದಿನ ಚಹಾ ಕುದಿಯುತ್ತಿರುವಾಗ ಅತ್ತೆ ಸೌಟು ಹಿಡಿದೇ ಹೊರಗೆ ಬಂದು ನಿಂತರು. “ಹೇಳ್ ಹೆಣೆ, ಅವ್ರಿಗೆ ಹೇಳ್. ಊರಗೆ ನಮ್ಮನೆ ಕೆಲ್ಸಕ್ಕೆ ಬಪ್ಪೋರಿಗೆ ಗೆರಟಿಲಿ ಚಾ ಕೊಡ್ತಿದ್ದದ್ದ್. ಅವ್ರ್ ನಮ್ಗಿಂತ ಕೀಳ್ ಅಂದ್ಹೇಳಿ. ಅವ್ರ್ ಮುಟ್ಟದ್ದ್ ನಮ್ಗೆ ಆತಿಲ್ಲ ಅಂದ್ಹೇಳಿ. ಈ ಕಪ್ಪೂ ಅದಕ್ಕೇ ಬೇರೆ ಇಟ್ಟದ್ದ್. ಬೇರೆ ಎಂತ ಕಾರಣವೂ ಇಲ್ಲ.”

ಗೆರಟೆಯೆಂದರೆ ತೆಂಗಿನ ಚಿಪ್ಪು ಎಂಬುದನ್ನು ಸೇರಿಸಿ ನಾನು ಪೂರ್ತಿ ಹೇಳಿದೆ. ಅವರು ಎದ್ದು ನಿಂತು, “ಥ್ಯಾಂಕ್ ಯೂ, ವಾಕ್ಯ ಮುಗೀತು” ಎಂದರು. ಅತ್ತೆಗೆ ಅಷ್ಟು ಇಂಗ್ಲಿಷ್ ಬರುತ್ತದೆ. “ಮುಗೀಲಿಲ್ಲ. ಅದ್ ಅನ್ಯಾಯ ಅಂತ ಇವತ್ತ್ ನಂಗೆ ಕಾಂತ್. ಅದನ್ನೂ ಹೇಳ್” ಎಂದರು. ಅಂದು ಅವರಿಗೆ ಚಹಾ ಬಂದದ್ದು ಸ್ಟೀಲ್ ಲೋಟದಲ್ಲಿ. ತುಟಿ ಸುಟ್ಟುಕೊಂಡು, “ಇದು ಮರ್ಯಾದೆನೋ ಶಿಕ್ಷೆನೋ?” ಎಂದು ನಕ್ಕರು. ನೀಲಿ ಅಂಚಿನ ಕಪ್ಪಿನಲ್ಲಿ ಅತ್ತೆ ಈಗ ಪಾತ್ರೆ ತಿಕ್ಕುವ ಸ್ಪಂಜ್ ಇಡುತ್ತಾರೆ.

ಇದಾದ ಸ್ವಲ್ಪ ದಿನಕ್ಕೇ ತಮ್ಮನ ಫೋನ್ ಬಂತು. ಎಷ್ಟೋ ವರ್ಷಗಳ ಮೇಲೆ. ಲಂಡನ್ನಿಗೆ ಬರುತ್ತಿದ್ದೇನೆ, ಭಾನುವಾರ ನಿನ್ನ ಮನೆಗೆ ಊಟಕ್ಕೆ ಬರಲಾ, ಅಮ್ಮನ ಬೆಂಡೆಕಾಯಿ ಮಾಡ್ತೀಯಾ ಎಂದು ಕೇಳಿದನಂತೆ. ಅವರು ಆವತ್ತು ಕಾರಿಡಾರಿನಲ್ಲೇ ನನ್ನ ಕೈ ಹಿಡಿದುಕೊಂಡು ಹೇಳಿದರು. ಅಮ್ಮನ ದನಿ ಹೇಗಿತ್ತೆಂದು ನೆನಪಿರುವ ಇನ್ನೊಂದು ಜೀವ ಭೂಮಿಯ ಮೇಲೆ ಅವನೊಬ್ಬನೇ ಎಂದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಗೊತ್ತಾಯಿತು. ಭಾನುವಾರದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ನಮ್ಮ ಟ್ರಾಮ್ ದಾರಿಯಲ್ಲೇ ಇರುವ ಒಂದು ಕ್ಲಬ್ಬಿನ ಮಹಡಿಯ ಹಾಲಿನಲ್ಲಿ ಅವನ ಭಾಷಣವಿತ್ತು. ಹೋಟೆಲಿನ ಮುಂದೆ ಕೂಗುತ್ತಿದ್ದ ಗುಂಪಿನವರೇ ಅವನನ್ನು ಕರೆಸಿದ್ದು. ಇಲ್ಲಿಯ ಸಿಟ್ಟಿಗೆ ಅಲ್ಲಿಯ ಮಾತು ಬೇಕಾಗಿತ್ತು.

“ಹೋಗ್ಬೇಡಿ” ಎಂದೆ ನಾನು. “ಭಾನುವಾರ ಊಟಕ್ಕೆ ಬರ್ಲಿ. ಊಟ ಆದ್ಮೇಲೆ ಮಾತಾಡಿ. ಶನಿವಾರ ಹೋದ್ರೆ ಭಾನುವಾರ ಇರಲ್ಲ.”

“ಗೊತ್ತು” ಎಂದರು. “ಆದ್ರೆ ನಾನು ಮನೇಲಿ ಕೂತ್ರೆ ಅವನ ಅರ್ಧ ವಾಕ್ಯಕ್ಕೆ ಹೂಂ ಅಂದ ಹಾಗೆ. ನಿಮ್ಮತ್ತೆ ಈ ವಯಸ್ಸಲ್ಲಿ, ತನ್ನ ಮನೇಲೇ ನಿಂತು ವಾಕ್ಯ ಪೂರ್ತಿ ಮಾಡಿದ್ರು. ಅವರಿಗೆ ಸಾಧ್ಯವಾದ್ರೆ ಅವನಿಗೂ ಆಗ್ಬಹುದು. ಆ ಅವಕಾಶ ನಾನು ಕೊಡದೆ ಇನ್ಯಾರು ಕೊಡ್ತಾರೆ?” ಎಂದರು.

ನಮ್ಮನೆಯವರು ಬೇಡವೇ ಬೇಡ ಎಂದರು. ನಾನು ಅವರ ಜತೆ ಹೊರಟೆ. ಅತ್ತೆ ಸೀರೆಯ ಮೇಲೆ ಕೋಟು, ಕಾಲಿಗೆ ಬೂಟು ಏರಿಸಿಕೊಂಡು ಬಾಗಿಲಲ್ಲಿ ಮೊದಲೇ ನಿಂತಿದ್ದರು. “ನಾನೂ ಬತ್ತೆ. ನನ್ನಂಥ ಹೊರ್ಗಿನೋರ್ ಬಗ್ಗೆ ಅಂಬ್ರಲೆ ಭಾಷಣ? ಕೇಂಬ.”

ಹಾಲಿನ ಬಾಗಿಲಲ್ಲಿ ಒಬ್ಬ ದಾಂಡಿಗ ಅಡ್ಡ ನಿಂತ. ಇದು ಸದಸ್ಯರಿಗೆ ಮಾತ್ರ ಎಂದ. “ನಾನು ಭಾಷಣಕಾರನ ಅಕ್ಕ. ಇವರಿಬ್ಬರೂ ನನ್ನ ಜತೆ” ಎಂದರು ಅವರು, ಕೋಲೂರಿಕೊಂಡು ಮುಂದೆ ನಡೆಯುತ್ತ. ಅವನು ಪಕ್ಕಕ್ಕೆ ಸರಿದ. ನಾವು ಮೊದಲ ಸಾಲಿನಲ್ಲಿ ಕೂತೆವು. ಸುತ್ತಲೂ ನಾನು ನಿರೀಕ್ಷಿಸಿದ್ದಂಥ ಬೋಳು ತಲೆಯ ಪುಂಡರಷ್ಟೇ ಇರಲಿಲ್ಲ. ಟ್ರಾಮಿನಲ್ಲಿ ದಿನಾ ಕಾಣುವಂಥ ಮುದುಕ ಮುದುಕಿಯರು, ಇಸ್ತ್ರಿ ಮಾಡಿದ ಶರಟಿನ ಹುಡುಗರು ಇದ್ದರು. ನನಗೆ ಹೆಚ್ಚು ಭಯವಾದದ್ದು ಅದರಿಂದಲೇ. ಅತ್ತೆ ಚೀಲದಿಂದ ಹತ್ತಿ ತೆಗೆದು ಬತ್ತಿ ಹೊಸೆಯತೊಡಗಿದರು.

ತಮ್ಮ ವೇದಿಕೆಗೆ ಬಂದ. ಅಕ್ಕನದೇ ಮೂಗು, ಅಕ್ಕನದೇ ಹಣೆ. ನಮ್ಮನ್ನು ಕಂಡು ಒಂದು ಕ್ಷಣ ಬಿಳಿಚಿಕೊಂಡ, ಆಮೇಲೆ ಸುಧಾರಿಸಿಕೊಂಡು ಅದ್ಭುತವಾಗಿ ಮಾತಾಡಿದ. ಕೇಳುತ್ತ ಕೇಳುತ್ತ ನನಗೇ ಒಂದೆರಡು ಕಡೆ ತಲೆ ಆಡಿತೆಂದರೆ ನೋಡಿ. ಮುಗಿದ ಮೇಲೆ, ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ಸಂಘಟಕನೊಬ್ಬ ಹೇಳಿದ. ಅಕ್ಕ ಎದ್ದು ನಿಂತರು.

“ನೀನು ಈಗ ಹೇಳಿದೆ. ನಮಗೆ ಯಾರ ಮೇಲೂ ದ್ವೇಷ ಇಲ್ಲ, ಆದರೆ ಈ ಮಣ್ಣು ಯಾರದು ಅಂತ ನಮಗೆ ನೆನಪಾದ ದಿನ, ಮಿಕ್ಕವರು… ಅಂತ. ಅಲ್ಲಿಗೆ ನಿಲ್ಲಿಸಿದೆ, ಚಪ್ಪಾಳೆ ಬಿತ್ತು. ಮಿಕ್ಕವರು ಏನು? ಇವರಿಬ್ಬರೂ ನನ್ನ ಎದುರುಮನೆಯವರು. ಇವರಿಗೆ ಏನಾಗಬೇಕು? ಪೂರ್ತಿ ಮಾಡು. ಕೇಳ್ತಿದೀನಿ.”

ಅವನು ನಕ್ಕು, ನನ್ನ ಅಕ್ಕ ಯಾವಾಗಲೂ ಹೀಗೇ ಎಂದು ತಮಾಷೆ ಮಾಡಿದ. ಇತಿಹಾಸದ ಬಗ್ಗೆ ಏನೋ ಹೇಳಿದ. “ಅದು ಬೇರೆ ವಾಕ್ಯ. ಮೊದಲಿನದು ಇನ್ನೂ ಮುಗಿದಿಲ್ಲ” ಎಂದರು ಅವರು. ಹಿಂದಿನಿಂದ ಯಾರೋ, “ಹಡಗು ಹತ್ತಿಸಿ ಮುಳುಗಿಸ್ಬೇಕು!” ಎಂದು ಕೂಗಿದರು. ಅವರು ಆ ಕಡೆ ತಿರುಗಿ, ಆಸ್ಪತ್ರೆಯ ದನಿಯಲ್ಲಿ, “ದಯವಿಟ್ಟು ಅವನ ಮಾತು ನೀವು ಮುಗಿಸ್ಬೇಡಿ. ಅವನೇ ಹೇಳ್ಲಿ” ಎಂದರು. ನಮ್ಮ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಕೂಗಿದವನನ್ನು ನೋಡಿದಳು, ಬತ್ತಿ ಹೊಸೆಯುತ್ತಿದ್ದ ಅತ್ತೆಯನ್ನು ನೋಡಿದಳು. ತನ್ನ ಕೈಚೀಲ ಎತ್ತಿಕೊಂಡು ಗಂಡನ ತೋಳು ಹಿಡಿದು ಎಬ್ಬಿಸಿದಳು. ಅವರಿಬ್ಬರು ಹೊರಗೆ ಹೋದ ಮೇಲೆ ಇನ್ನೂ ಕೆಲವರು ಎದ್ದರು.

ತಮ್ಮ ಮೈಕಿನ ಮುಂದೆ ನಿಂತಿದ್ದ. “ಅ… ಅ… ಅವರು…” ಎಂದ. ಮುಂದಿನ ಮಾತು ಬರಲಿಲ್ಲ. ಬರಲೇ ಇಲ್ಲ. ದವಡೆ ಕಟ್ಟಿತು, ಕಣ್ಣು ಪಿಳಿಪಿಳಿ ಬಡಿಯಿತು. ಎಂದೋ ಬಿಟ್ಟುಹೋಗಿದ್ದ ತೊದಲು ವಾಪಸ್ ಬಂದಿತ್ತು. ಆಗ ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಇನ್ನೊಬ್ಬ ನಕ್ಕ. ಮತ್ತೊಬ್ಬ “ಅ… ಅ… ಅ…” ಎಂದು ಅಣಕಿಸಿದ. ಅವನ ಭಾಷಣ ಕೇಳಲು ಬಂದವರೇ, ಅವನದೇ ಜನ!

ಅವರು ಕೋಲನ್ನು ನೆಲಕ್ಕೆ ಒಂದೇಟು ಕುಟ್ಟಿದರು. ಅಷ್ಟು ಕೋಪ ನಾನು ಅವರಲ್ಲಿ ಹಿಂದೆಂದೂ ಕಂಡಿರಲಿಲ್ಲ. “ನಗಬೇಡಿ. ನನ್ನ ತಮ್ಮ ಮಾತಾಡ್ತಿದಾನೆ.”

ಅವರು ಅವನ ಕಡೆ ತಿರುಗಿ, ಕಣ್ಣು ತಪ್ಪಿಸದೆ ನಿಂತರು. ಹಿತ್ತಲ ಮೆಟ್ಟಿಲ ಮೇಲೆ ಹೇಗೆ ಕಾದಿದ್ದರೋ ಹಾಗೇ ಕಾದಿರಬೇಕು. ಅವನೂ ಅವರನ್ನೇ ನೋಡಿದ. ನನಗಂತೂ ಅವನು ಇನ್ನೇನು ಹೇಳಿಯೇ ಬಿಡುತ್ತಾನೆ ಎನ್ನಿಸಿತ್ತು. ಹೇಳಲಿಲ್ಲ. ಕಾಗದಗಳನ್ನು ಅಲ್ಲೇ ಬಿಟ್ಟು, ವೇದಿಕೆಯ ಪಕ್ಕದ ಬಾಗಿಲಿನಿಂದ ಹೊರಟುಹೋದ. ಆ ಕ್ಲಬ್ಬಿನವರು ಆಮೇಲೆ ಆ ಗುಂಪಿಗೆ ತಮ್ಮ ಹಾಲ್ ಬಾಡಿಗೆಗೆ ಕೊಡಲಿಲ್ಲ. ನಮ್ಮ ಕಂಬಗಳ ಬಾವುಟಗಳು ಮಾತ್ರ ಮಳೆಗೆ ಬಣ್ಣ ಬಿಡುವ ತನಕ ಇದ್ದವು.

ಭಾನುವಾರ ಅವರು ಬೆಂಡೆಕಾಯಿ ಕರಿದರು. ಮೇಜಿನ ಮೇಲೆ ಎರಡು ತಟ್ಟೆ ಇಟ್ಟು, ಬಾಗಿಲು ಓರೆ ಮಾಡಿ ಕೂತರು. ಕರಿದ ವಾಸನೆ ಕಾರಿಡಾರಿಗೆಲ್ಲ ಬರುತ್ತಿತ್ತು. ಮಧ್ಯಾಹ್ನ ಕಳೆಯಿತು. ಅತ್ತೆಗೆ ತಡೆಯಲಾಗಲಿಲ್ಲ. ಅನ್ನ ಸಾರು ಪಾತ್ರೆಗಳ ಸಮೇತ ಅಲ್ಲಿಗೇ ಹೋಗಿ, ತಮ್ಮನಿಗಿಟ್ಟ ತಟ್ಟೆಯ ಮುಂದೆ ಕೂತುಬಿಟ್ಟರು. “ತಣ್ದದ್ದ್ ತಿಂಬುಕಾಗ. ಬನ್ನಿ, ಉಂಬ” ಎಂದರು. ಅವರು ನನ್ನ ಕಡೆ ನೋಡಿದರು. “ಊಟ ಮಾಡೋಣ ಅಂತಾರೆ” ಎಂದೆ.

ಮೂವರೂ ಉಂಡೆವು. ನಡುವೆ ಅವರು ಫೋರ್ಕು ಕೆಳಗಿಟ್ಟರು. “ನಂಗೆ ತುಂಬ ನೋವಾಗ್ತಿದೆ” ಎಂದರು, ನೋವನ್ನೂ ಅರ್ಧಕ್ಕೆ ಬಿಡದೆ. “ಅವನು ಬಂದಿದ್ರೆ ಅಮ್ಮನ ಬಗ್ಗೆ ಮಾತಾಡ್ಬಹುದಾಗಿತ್ತು. ಇನ್ನು ಬರಲ್ಲ. ಆದ್ರೂ ನಾಳೆ ಇಂಥದ್ದೇ ಶನಿವಾರ ಬಂದ್ರೆ ನಾಳೇನೂ ಹೋಗ್ತೀನಿ.” ಅಷ್ಟು ಹೇಳಿ ಇನ್ನೊಂದು ಬೆಂಡೆಕಾಯಿ ಬಡಿಸಿಕೊಂಡರು. ಅತ್ತೆ ಅವರ ತಲೆಯ ಮೇಲೆ ಕೈಯಿಟ್ಟರು. ಬಾಯಿಬಡುಕಿಯಾದ ನಾನು ಅವರ ಲೋಟಕ್ಕೆ ನೀರು ತುಂಬಿದೆ.

ಅವನು ಫೋನ್ ಮಾಡಲಿಲ್ಲ. ಅವರು ಮಾಡಿದರೆ ಎತ್ತಲಿಲ್ಲ. ಮೊ‌ದಮೊದಲು ಭಾನುವಾರಗಳಲ್ಲಿ ಅವರು ಬೇಸರದಲ್ಲಿರುತ್ತಿದ್ದರು. ಆಮೇಲೆ ಹತ್ತಿರದ ಶಾಲೆಯೊಂದಕ್ಕೆ ಹೋಗಿ ತೊದಲುವ ಮಕ್ಕಳ ಜತೆ ಕೂರತೊಡಗಿದರು. ನಿವಾಸಿಗಳ ಸಭೆಯಲ್ಲಿ ಅವರ ಕುರ್ಚಿ ಮೊದಲಿಗಿಂತ ಹೆಚ್ಚು ಸದ್ದು ಮಾಡುತ್ತಿತ್ತು. ಚಳಿಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಸೇರಿದರು, ಎರಡೇ ದಿನದಲ್ಲಿ ಹೋದರು. ಅಂತ್ಯಸಂಸ್ಕಾರಕ್ಕೆ ಪ್ಲಂಬರ್ ಕಪ್ಪು ಟೈ ಕಟ್ಟಿಕೊಂಡು ಬಂದಿದ್ದ, ಹೆಣದ ಪೆಟ್ಟಿಗೆಗೆ ಹೆಗಲೂ ಕೊಟ್ಟ. ಸುದ್ದಿ ತಿಳಿಸುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ತಮ್ಮನ ವೆಬ್‌ಸೈಟಿನಲ್ಲಿದ್ದ ವಿಳಾಸಕ್ಕೆ ನಾನೇ ಎದುರುಮನೆಯವಳೆಂದು ನಾಲ್ಕು ಸಾಲು ಬರೆದು, ನನ್ನ ಫೋನ್ ನಂಬರ್ ಹಾಕಿದ್ದೆ. ಉತ್ತರ ಬರಲಿಲ್ಲ.

ಅತ್ತೆ ಈ ವಸಂತದಲ್ಲಿ ಮತ್ತೆ ಬಂದಿದ್ದಾರೆ. ಕಳೆದ ಭಾನುವಾರ ಮಧ್ಯಾಹ್ನ ಅವರು ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದಾಗ ಫೋನ್ ಬಂತು. ಅಮೆರಿಕದ ನಂಬರು. ಎತ್ತಿದೆ. ಆ ದನಿ ನನಗೆ ತಕ್ಷಣ ಗೊತ್ತಾಯಿತು.

“ನೀವು… ಆವತ್ತು ಮೊದಲನೇ ಸಾಲಲ್ಲಿ…”

“ಹೌದು” ಎಂದೆ.

“ನನ್ನ ಅಕ್ಕ…” ಎಂದು ನಿಲ್ಲಿಸಿದ. ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. “ಆವತ್ತು ಅವಳು ಕೇಳಿದ್ದಕ್ಕೆ… ನಾ… ನಾನು… ನಾ…”

ನನ್ನ ನಾಲಿಗೆಯ ತುದಿಗೆ ಹತ್ತು ಉತ್ತರ ಬಂದವು. ಬೈಯುವಂಥವು, ಸಮಾಧಾನ ಹೇಳುವಂಥವು, ಅವನ ಪರವಾಗಿ ನಾನೇ ಮುಗಿಸಬಹುದಾದಂಥವು. ಕುರ್ಚಿ ಎಳೆದುಕೊಂಡು ಕೂತೆ. ಗಡಿಯಾರದ ಕಡೆ ನೋಡಲಿಲ್ಲ.

ಅಡುಗೆಮನೆಯಿಂದ ಅತ್ತೆ ಕೂಗಿದರು. “ಯಾರ್ ಹೆಣೆ ಫೋನಗೆ? ಎಂತಕ್ ಸುಮ್ನೆ ಕೂಕಂಡಿದ್ದೆ? ಲೈನ್ ಕಟ್ಟಾಯ್ತಾ?”

“ಇಲ್ಲ ಅತ್ತೆ” ಎಂದೆ. “ಮಾತಾಡ್ತಿದಾರೆ.”